ಎಲ್ಲೂ ಬರೆಯದ 44 ಗಂಟೆ

ಹೋದ ತಿಂಗಳು ಸಕಲೇಶಪುರದಿಂದ ಹಾಸನಕ್ಕೆ ಬರುವಾಗ ಬಸ್ಸಿನಲ್ಲಿ ನನ್ನ ಪರ್ಸು ಕಳೆದುಹೋಯಿತು. ದುಡ್ಡು ಜಾಸ್ತಿ ಇರಲಿಲ್ಲ. ಆದರೆ ಲೈಸೆನ್ಸು, ಎಟಿಎಂ ಕಾರ್ಡು ಎಲ್ಲ ಅದರಲ್ಲೇ ಇದ್ದವು. ದೂರು ಕೊಡಲು ಠಾಣೆಗೆ ಹೋದೆ. ಮೂಲೆಯ ಟೇಬಲ್ಲಿನಲ್ಲಿ ನಿವೃತ್ತಿಗೆ ಹತ್ತಿರ ಬಂದಿದ್ದ ದಫೇದಾರರೊಬ್ಬರು ಕೂತಿದ್ದರು. ನನ್ನ ಅರ್ಜಿ ಪೂರ್ತಿ ಓದಿದರು. ಕತ್ತೆತ್ತಿ ಗೋಡೆಯ ಗಡಿಯಾರ ನೋಡಿದರು. ಅರ್ಜಿಯ ಮೇಲೆ ತಾರೀಕು ಬರೆದು ಪಕ್ಕದಲ್ಲಿ 4-10 ಅಂತ ಸಮಯ ಹಾಕಿದರು. ಆಮೇಲೆ ನಾನು ಕೇಳದಿದ್ದರೂ ಒಂದು ಸ್ವೀಕೃತಿ ಬರೆದು, ಸೀಲು ಹಾಕಿ ಕೈಗೆ ಕೊಟ್ಟರು. ಪರ್ಸಿನ ವಿಷಯಕ್ಕೆ ಸಮಯ ಯಾಕೆ ಸರ್ ಅಂದೆ. "ಟೈಮ್ ಇಲ್ದಿದ್ರೆ ಹೆಂಗೆ ತಾಯಿ? ನಾಳೆ ಯಾರಾದ್ರೂ ನನ್ನನ್ನೇ ಕೇಳಿದ್ರೆ ತೋರಿಸೋಕೆ ಏನಾದ್ರೂ ಬೇಕಲ್ವಾ?" ಅಂದರು.

ಅವರು ಅದನ್ನು ಸಹಜವಾಗಿ ಹೇಳಿ ಮುಂದಿನವರ ಅರ್ಜಿ ತೆಗೆದುಕೊಂಡರು. ನನಗೆ ಮಾತ್ರ ಆ ಮಾತು ಮನೆಗೆ ಬಂದ ಮೇಲೂ ಬಿಡಲಿಲ್ಲ. ರಾತ್ರಿ ಊಟ ಮಾಡುವಾಗಲೂ ಅದೇ. ಯಾಕೆ ಅಂತ ಮಲಗಿದ ಮೇಲೆ ಹೊಳೆಯಿತು. ಯಾರೂ ಗಡಿಯಾರ ನೋಡದೆ, ಯಾವ ಪುಸ್ತಕದಲ್ಲೂ ಬರೆಯದೆ, ಒಬ್ಬ ಮನುಷ್ಯನನ್ನು ಎರಡು ರಾತ್ರಿ ಠಾಣೆಯಲ್ಲಿ ಇಟ್ಟುಕೊಂಡಿದ್ದನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೆ. ಕರೆದುಕೊಂಡು ಹೋಗುವ ಹಾಗೆ ಮಾಡಿದ್ದು ನಮ್ಮ ಮನೆಯ ಫೋನು.

ಮೆಣಸಿನ ಮೂಟೆ

1999ರ ಮಾತು. ನಾನು ಒಂಬತ್ತನೇ ಕ್ಲಾಸು. ಸಕಲೇಶಪುರದ ಆಚೆ ನಮ್ಮದು ಸಣ್ಣ ತೋಟ. ಕಾಫಿ ಕೊಯ್ಲು ಮುಗಿದು ಮೆಣಸು ಕಣದಲ್ಲಿ ಒಣಗುತ್ತಿತ್ತು. ಆ ವರ್ಷ ಮೆಣಸಿಗೆ ಒಳ್ಳೆ ರೇಟು. ರಾತ್ರಿ ಕಣ ಕಾಯಲು ಒಬ್ಬರಿದ್ದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ನಾವು ಮಕ್ಕಳೆಲ್ಲ ಅಜ್ಜ ಅಂತಲೇ ಕರೆಯುತ್ತಿದ್ದೆವು. ವಯಸ್ಸು ಅರವತ್ತು ದಾಟಿತ್ತು. ಕಂಬಳಿ ಹೊದ್ದು, ಒಂದು ಟಾರ್ಚು ಇಟ್ಟುಕೊಂಡು ಕಣದ ಪಕ್ಕದ ಸೋಗೆ ಗುಡಿಸಲಲ್ಲಿ ಕೂತಿರುತ್ತಿದ್ದರು. ನಮಗೆ ಗೇರುಬೀಜ ಸುಟ್ಟು ಕೊಡುತ್ತಿದ್ದರು. ಒಂದು ಶನಿವಾರ ಬೆಳಿಗ್ಗೆ ನೋಡಿದರೆ ಕಟ್ಟಿಟ್ಟಿದ್ದ ಮೂಟೆಗಳಲ್ಲಿ ಎರಡು ಇರಲಿಲ್ಲ.

ಅಜ್ಜ ತನಗೆ ಗೊತ್ತಿಲ್ಲ ಅಂದರು. ಬೆಳಗಿನ ಜಾವ ಸ್ವಲ್ಪ ಕಣ್ಣು ಹತ್ತಿತ್ತು ಅಂತ ಒಪ್ಪಿಕೊಂಡರು. ಅಪ್ಪ ಮಧ್ಯಾಹ್ನದವರೆಗೂ ಕೂಗಾಡಿದರು. ಆಮೇಲೆ ಠಾಣೆಗೆ ಫೋನು ಮಾಡಿದರು. ದೂರು ಬರೆದು ಕೊಡಲಿಲ್ಲ. ಬರೆದು ಕೊಟ್ಟರೆ ಕೋರ್ಟು, ಸಾಕ್ಷಿ, ಅಲೆದಾಟ ಅಂತ ಎಲ್ಲರಿಗೂ ಗೊತ್ತಿತ್ತು. "ಒಂದ್ಸಲ ಕರ್ಕೊಂಡು ಹೋಗಿ ವಿಚಾರಿಸಿ ಸರ್, ಬಾಯಿ ಬಿಡ್ತಾನೆ" ಅಂದಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಅಲ್ಲೇ ಹಜಾರದಲ್ಲಿ ಪರೀಕ್ಷೆಗೆ ಓದುತ್ತಾ ಕೂತಿದ್ದೆ. ಸಂಜೆ ಆರೂವರೆಗೆ ಜೀಪು ಬಂತು. ಅಜ್ಜ ಕಂಬಳಿ ಮಡಚಿ ಗುಡಿಸಲಲ್ಲಿ ಇಟ್ಟು, ಟಾರ್ಚನ್ನು ತಂದು ನಮ್ಮ ಜಗಲಿಯ ಮೇಲೆ ಇಟ್ಟು, ಜೀಪು ಹತ್ತಿದರು. ಯಾರೂ ಅವರ ಕೈ ಹಿಡಿದು ಎಳೆಯಲಿಲ್ಲ. ಕರೆದರು, ಹೋದರು.

ಭಾನುವಾರ ಬೆಳಿಗ್ಗೆ ಅವರ ಹೆಂಡತಿ ನಮ್ಮ ಅಂಗಳಕ್ಕೆ ಬಂದು ನಿಂತರು. ಟವೆಲಿನಲ್ಲಿ ಅಕ್ಕಿ ರೊಟ್ಟಿ ಕಟ್ಟಿಕೊಂಡಿದ್ದರು. ಠಾಣೆಯ ತನಕ ನಡೆದುಕೊಂಡು ಹೋಗಿ ವಾಪಸ್ ಬಂದಿದ್ದರು. "ಅಯ್ಯಾ, ಅಲ್ಲಿ ಕೇಳಿದ್ರೆ ಇಲ್ಯಾರೂ ಇಲ್ಲ ಅಂತಾರೆ. ಎಲ್ಲಿಟ್ಟವ್ರೆ ಅಂತ ನಿಮಗೇನಾದ್ರೂ ಗೊತ್ತಾ?" ಅಂದರು. ಅಪ್ಪ "ಬರ್ತಾನೆ ಹೋಗು, ಸುಮ್ನೆ ಹೆದರ್ಕೋಬೇಡ" ಅಂದರು. ಅಮ್ಮ ಒಳಗಿನಿಂದ ಕಾಫಿ ತಂದುಕೊಟ್ಟರು. ಆಕೆ ಕಾಫಿ ಕುಡಿಯಲಿಲ್ಲ. ರೊಟ್ಟಿಯ ಗಂಟನ್ನು ಎದೆಗೆ ಒತ್ತಿಕೊಂಡು ಗೇಟಿನ ಹತ್ತಿರ ಬಹಳ ಹೊತ್ತು ನಿಂತಿದ್ದು ಹೋದರು.

ಸೋಮವಾರ ಮಧ್ಯಾಹ್ನ ಎರಡೂವರೆಗೆ ಅಜ್ಜ ಬಂದರು. ನಾನು ಪರೀಕ್ಷೆ ಮುಗಿಸಿ ಬರುವಾಗ ತೋಟದ ಆಳುಗಳ ಲೈನ್ ಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ಪಾದ ಎರಡೂ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಹೆಂಡತಿ ಎಣ್ಣೆ ಬಿಸಿ ಮಾಡಿ ಹಚ್ಚುತ್ತಿದ್ದರು. ನನ್ನನ್ನು ನೋಡಿ ಅಜ್ಜ "ಪರೀಕ್ಷೆ ಹೆಂಗಾಯ್ತು ಮಗಾ" ಅಂದರು. ಆಸ್ಪತ್ರೆಗೆ ಯಾರೂ ಕರೆದುಕೊಂಡು ಹೋಗಲಿಲ್ಲ. ಮೂಟೆ ಸಿಗಲಿಲ್ಲ. ಕದ್ದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಒಂದು ವಾರ ಆದ ಮೇಲೆ ಆ ಗಂಡ ಹೆಂಡತಿ ಸಾಮಾನು ಕಟ್ಟಿಕೊಂಡು ಮೂಡಿಗೆರೆ ಕಡೆಗೆ ಹೋದರು.

ಬರೆದರೆ ಶುರುವಾಗುವ ಲೆಕ್ಕ

ಶನಿವಾರ ಸಂಜೆ ಆರೂವರೆಯಿಂದ ಸೋಮವಾರ ಮಧ್ಯಾಹ್ನ ಎರಡೂವರೆ. 44 ಗಂಟೆ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅಂತ ನಮ್ಮ ಸಂವಿಧಾನದ 22ನೇ ವಿಧಿ ಹೇಳುತ್ತದೆ. ಶಾಲೆಯಲ್ಲಿ ನಾನೂ ಅದನ್ನು ಬಾಯಿಪಾಠ ಮಾಡಿದ್ದೆ. ಆದರೆ ಅಜ್ಜನನ್ನು ಯಾರೂ ಬಂಧಿಸಿರಲೇ ಇಲ್ಲ. "ವಿಚಾರಣೆಗೆ ಕರೆದಿದ್ದು" ಅಷ್ಟೇ. ಬಂಧನ ಅಂತ ಬರೆಯದಿದ್ದರೆ 24 ಗಂಟೆಯ ಲೆಕ್ಕ ಎಲ್ಲಿಂದ ಶುರುವಾಗಬೇಕು? ಠಾಣೆಯ ಬಾಗಿಲಲ್ಲಿ ಆ ಹೆಂಗಸಿಗೆ "ಇಲ್ಲಿ ಯಾರೂ ಇಲ್ಲ" ಅಂದರಲ್ಲ, ಪುಸ್ತಕದ ಪ್ರಕಾರ ಅದು ನಿಜವೇ ಆಗಿತ್ತು. ನನಗೆ ಹೊಟ್ಟೆಯಲ್ಲಿ ಸಂಕಟ ಆಗುವುದು ಇಲ್ಲಿಯೇ. ಏಟು ಬಿದ್ದಿದ್ದು ಒಂದು. ಆ ಏಟು ಬಿದ್ದ ಜಾಗದಲ್ಲಿ ಆ ಮನುಷ್ಯ ಇರಲೇ ಇಲ್ಲ ಅನ್ನುವ ಹಾಗೆ ಮಾಡಿದ್ದು ಇನ್ನೊಂದು.

ಇದು ಗೊತ್ತಿದ್ದೇ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ 11 ನಿಯಮ ಹಾಕಿತು. ಅವನ್ನು ಓದಿದರೆ ಅರ್ಧಕ್ಕಿಂತ ಹೆಚ್ಚು ಬರವಣಿಗೆಗೆ ಸಂಬಂಧಿಸಿದ್ದೇ. ಬಂಧಿಸುವ ಪೊಲೀಸರ ಎದೆಯ ಮೇಲೆ ಹೆಸರು, ಹುದ್ದೆ ಕಾಣುವ ಪಟ್ಟಿ ಇರಬೇಕು. ಬಂಧನದ ಪತ್ರದಲ್ಲಿ ದಿನ ಮತ್ತು ಸಮಯ ಬರೆದು, ಮನೆಯವರೋ ಊರಿನ ಒಬ್ಬರೋ ಸಾಕ್ಷಿ ಹಾಕಬೇಕು. ಮನೆಯವರಿಗೆ ತಿಳಿಸಬೇಕು, ಯಾರಿಗೆ ತಿಳಿಸಿದ್ದು ಅಂತ ಡೈರಿಯಲ್ಲಿ ಬರೆಯಬೇಕು. ಮೈಮೇಲೆ ಗಾಯ ಇದ್ದರೆ ಆಗಲೇ ನೋಡಿ ಬರೆದು ಇಬ್ಬರೂ ಸಹಿ ಮಾಡಬೇಕು, ಅದರ ಪ್ರತಿ ಬಂಧಿತನಿಗೆ ಕೊಡಬೇಕು. 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ಅಜ್ಜನ ಪ್ರಸಂಗ ನಡೆಯುವ ಹೊತ್ತಿಗೆ ಈ ತೀರ್ಪು ಬಂದು ಎರಡು ವರ್ಷ ದಾಟಿತ್ತು. ನಮ್ಮ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಹೆಂಗಸಿನ ಜೊತೆ ಠಾಣೆಗೆ ಹೋಗಿ, ಕರೆತಂದಿದ್ದನ್ನು ಬರೆದ ಪುಸ್ತಕ ತೋರಿಸಿ ಅಂತ ಕೇಳುವವರು ಯಾರಾದರೂ ಹುಟ್ಟುತ್ತಿದ್ದರಾ? ಅದೂ ಅನುಮಾನವೇ.

ಈಗ ಕಾನೂನು ಇನ್ನೂ ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ 60 ದಾಟಿದ ಗಂಡಸರನ್ನು, ಯಾವುದೇ ವಯಸ್ಸಿನ ಹೆಂಗಸರನ್ನು ಸಾಕ್ಷಿ ಹೇಳಿಕೆಗೆ ಅಂತ ಠಾಣೆಗೆ ಬರಹೇಳುವಂತಿಲ್ಲ. ಅವರು ಇರುವಲ್ಲಿಗೇ ಪೊಲೀಸರು ಬರಬೇಕು. ಬಂಧನ ಬೇಡದ ಪ್ರಕರಣದಲ್ಲಿ ಆರೋಪಿಯನ್ನು ಕರೆಯಬೇಕಾದರೆ 35ನೇ ಸೆಕ್ಷನ್ ಪ್ರಕಾರ ನೋಟಿಸು ಕೊಡಬೇಕು. ಆದರೆ ಈಗಲೂ ನಮ್ಮ ಕಡೆ ಠಾಣೆಯಿಂದ ಫೋನು ಬಂದರೆ ಸಾಕು, ಜನ ಅಂಗಿ ಹಾಕಿಕೊಂಡು ಹೊರಡುತ್ತಾರೆ. "ಸಾಹೇಬ್ರು ಬರ್ಬೇಕಂತೆ." ಯಾವ ವಿಷಯಕ್ಕೆ, ಯಾವ ಕೇಸಿಗೆ ಅಂತ ಕೇಳುವುದೇ ಅವಿಧೇಯತೆ ಅನ್ನಿಸಿಬಿಟ್ಟಿದೆ.

ಎರಡು ಸುದ್ದಿ

ಚಿಕ್ಕಮಗಳೂರು ಜಿಲ್ಲೆಯ ಎರಡು ಘಟನೆ ನಿಮಗೂ ನೆನಪಿರಬಹುದು. 2021ರ ಮೇನಲ್ಲಿ ಗೋಣಿಬೀಡು ಠಾಣೆಯಲ್ಲಿ ಒಬ್ಬ ದಲಿತ ಯುವಕನಿಗೆ ಹೊಡೆದು, ನೀರು ಕೇಳಿದಾಗ ಮೂತ್ರ ಕುಡಿಸಿದರು ಅನ್ನುವ ಆರೋಪ. ಆತನೇ ಮೇಲಿನವರಿಗೆ ದೂರು ಬರೆದ ಮೇಲೆ, ದಲಿತ ಸಂಘಟನೆಗಳು ಬೀದಿಗೆ ಇಳಿದ ಮೇಲೆ ಕೇಸು ದಾಖಲಾಯಿತು. ಪಿಎಸ್‌ಐ ಅಮಾನತಾದರು. ತನಿಖೆ ಸಿಐಡಿಗೆ ಹೋಯಿತು. ಆ ಪಿಎಸ್‌ಐ ಬಂಧನ ಆಗಿದ್ದು ಸೆಪ್ಟೆಂಬರಿನಲ್ಲಿ. ಆ ಸುದ್ದಿ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿವರ. ಊರಿನವರ ಬಾಯಿಮಾತಿನ ಮೇಲೆ ತನ್ನನ್ನು ಎತ್ತಿಕೊಂಡು ಹೋದರು ಅನ್ನುವುದೂ ಆ ಹುಡುಗನ ಆರೋಪದಲ್ಲಿ ಇತ್ತು. ಮತ್ತೆ ಅದೇ. ಬರೆದು ಕೊಟ್ಟ ದೂರಿಲ್ಲ, ಕರೆತಂದ ಕಾಗದವಿಲ್ಲ.

ಇನ್ನೊಂದು 2023ರ ನವೆಂಬರ್ 30ರ ರಾತ್ರಿ, ಚಿಕ್ಕಮಗಳೂರು ನಗರದಲ್ಲಿ. ಹೆಲ್ಮೆಟ್ ಹಾಕಿರಲಿಲ್ಲ ಅನ್ನುವಲ್ಲಿಂದ ಶುರುವಾಗಿ ಒಬ್ಬ ಯುವ ವಕೀಲರ ಮೇಲೆ ಠಾಣೆಯಲ್ಲಿ ಹಲ್ಲೆ ನಡೆಯಿತು ಅನ್ನುವ ದೂರು. ಆರು ಪೊಲೀಸರು ಅಮಾನತಾದರು. ರಾಜ್ಯದ ತುಂಬಾ ವಕೀಲರು ಕಲಾಪದಿಂದ ಹೊರಗೆ ಉಳಿದರು. ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆ ಕಡೆ ಪೊಲೀಸರೂ ಅವರ ಮನೆಯವರೂ ನಮಗೆ ಅನ್ಯಾಯ ಆಗಿದೆ ಅಂತ ಬೀದಿಗೆ ಬಂದರು. ಆ ಡಿಸೆಂಬರಿನಲ್ಲೇ ವಕೀಲರ ಮೇಲಿನ ಹಲ್ಲೆ ತಡೆಯುವ ಮಸೂದೆ ಬೆಳಗಾವಿ ಅಧಿವೇಶನದಲ್ಲಿ ಪಾಸಾಯಿತು.

ವಕೀಲರಿಗೆ ಅಷ್ಟು ಬೇಗ ಗಮನ ಸಿಕ್ಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಸಿಗಲೇಬೇಕಿತ್ತು. ಆದರೆ ಆ ದಿನಗಳಲ್ಲಿ ನಾನು ಯೋಚಿಸುತ್ತಿದ್ದದ್ದು ಅಜ್ಜನ ಹೆಂಡತಿಯನ್ನು. ವಕೀಲರ ಹಿಂದೆ ಇಡೀ ರಾಜ್ಯದ ಸಂಘ ಇತ್ತು. ಆ ದಲಿತ ಹುಡುಗನಿಗೆ ಓದು ಬರಹ ಇತ್ತು, ಯಾರಿಗೆ ಬರೆಯಬೇಕು ಅಂತ ಗೊತ್ತಿತ್ತು, ಜೊತೆಗೆ ನಿಲ್ಲುವ ಸಂಘಟನೆಗಳು ಇದ್ದವು. ಆ ಹೆಂಗಸಿನ ಕೈಯಲ್ಲಿ ಇದ್ದದ್ದು ರೊಟ್ಟಿಯ ಗಂಟು. ಆಕೆಯ ದೂರನ್ನು ಯಾರು ಬರೆದುಕೊಳ್ಳಬೇಕಿತ್ತು?

ಮತ್ತೆ, ಅಮಾನತು ಅಂದ ಕೂಡಲೇ ನಾವು "ಸರಿಯಾಯ್ತು ಬಿಡು" ಅಂದುಬಿಡುತ್ತೇವೆ. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುತ್ತದೆ, ಜನ ತಣ್ಣಗಾಗುತ್ತಾರೆ. ಅಮಾನತು ಶಿಕ್ಷೆ ಅಲ್ಲವೇ ಅಲ್ಲ. ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಡುವುದು ಅಷ್ಟೇ, ಜೀವನಾಧಾರ ಭತ್ಯೆ ಬರುತ್ತಲೇ ಇರುತ್ತದೆ. ಆಮೇಲೆ ನಡೆಯುವ ಇಲಾಖಾ ವಿಚಾರಣೆ ಏನಾಯಿತು, ಕೋರ್ಟಿನ ಕೇಸು ಎಲ್ಲಿಗೆ ಬಂತು ಅಂತ ಯಾವ ಪೇಪರೂ ಅಷ್ಟೇ ದೊಡ್ಡದಾಗಿ ಹಾಕುವುದಿಲ್ಲ. ನಾವೂ ಹುಡುಕಿ ಓದುವುದಿಲ್ಲ. ಪೊಲೀಸರ ಮೇಲೆ ಕ್ರಿಮಿನಲ್ ಕೇಸು ನಡೆಯಬೇಕಾದರೆ ಸರ್ಕಾರದ ಅನುಮತಿಯ ಪ್ರಶ್ನೆ ಬೇರೆ ಇದೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್ ಅದಕ್ಕೇ ಇರುವುದು. ಕರ್ತವ್ಯಕ್ಕೆ ಸಂಬಂಧಪಟ್ಟ ಕೆಲಸದಲ್ಲಿ ಸ್ವಲ್ಪ ಮಿತಿ ಮೀರಿದ್ದರೂ ಅನುಮತಿ ಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟು ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಹೇಳಿದೆ. ಪೊಲೀಸರಿಗೆ ಸುಳ್ಳು ಕೇಸಿನಿಂದ ರಕ್ಷಣೆ ಬೇಕು, ನಾನು ಒಪ್ಪುತ್ತೇನೆ. ಆದರೆ ಕಟ್ಟಿಹಾಕಿ ಪಾದಕ್ಕೆ ಹೊಡೆಯುವುದು ಯಾವ ಕರ್ತವ್ಯಕ್ಕೆ ಸಂಬಂಧಪಟ್ಟಿದ್ದು ಅನ್ನುವ ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ಬಡವರ ತಾಳ್ಮೆ ಮುಗಿದಿರುತ್ತದೆ.

ಹಿಂಬರಹ

ತಾಳ್ಮೆ ಮುಗಿಯುವುದು ಹೇಗೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ನಾಲ್ಕು ವರ್ಷದ ಹಿಂದೆ, ನಮಗೆ ಬೇಕಾದ ಒಬ್ಬ ಆಟೋ ಹುಡುಗನಿಗೆ ಆದ ಕಥೆ. ಊರು, ಠಾಣೆ ಯಾವುದು ಅಂತ ಹೇಳುವುದಿಲ್ಲ. ಸ್ಟ್ಯಾಂಡಿನಲ್ಲಿ ಯಾರೋ ಇಬ್ಬರು ಜಗಳ ಆಡುತ್ತಿದ್ದರು. ಈ ಹುಡುಗ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಪೊಲೀಸರೊಬ್ಬರು ಬಂದು ಕೆನ್ನೆಗೆ ಎರಡು ಬಿಟ್ಟು ಮೊಬೈಲ್ ಕಿತ್ತುಕೊಂಡು ಹೋದರು. ನಾಲ್ಕು ದಿನ ಕೊಡಲಿಲ್ಲ. ವಶಕ್ಕೆ ತೆಗೆದುಕೊಂಡಿದ್ದಕ್ಕೆ ಒಂದು ಚೀಟಿಯೂ ಇಲ್ಲ. ಕಿವಿ ಎರಡು ವಾರ ಗುಂಯ್ ಅನ್ನುತ್ತಿತ್ತಂತೆ. ನಾನೇ ಕೂತು ಅರ್ಜಿ ಬರೆದೆ. ಮೇಲಿನ ಕಚೇರಿಗೆ ಹೋಗಿ ಕೊಟ್ಟೆವು. ಸ್ವೀಕೃತಿ ಕೇಳಿದರೆ "ಅದೆಲ್ಲ ಬೇಡ ಮೇಡಂ, ನಾವೇ ನೋಡ್ಕೋತೀವಿ" ಅಂದರು. ನಾನು ಅಲ್ಲೇ ನಿಂತಿದ್ದೆ. ಅರ್ಧ ಗಂಟೆ ಆದ ಮೇಲೆ ಪ್ರತಿಯ ಮೇಲೆ ಸೀಲು ಬಿತ್ತು.

ವಿಚಾರಣೆ ಶುರುವಾಯಿತು. ವಿಚಾರಣೆ ಮಾಡುವವರು ಅದೇ ಇಲಾಖೆಯ ಹಿರಿಯರು, ಆ ಠಾಣೆಯ ಮೇಲ್ವಿಚಾರಣೆ ಅವರದ್ದೇ. ಹುಡುಗನನ್ನು ಮೂರು ಸಲ ಕರೆಸಿದರು. ಮೊದಲ ಸಲ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಎರಡನೇ ಸಲ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ ಹೇಳಿಕೆ ಬರೆಸಿಕೊಂಡರು. ಒಂದೊಂದು ಸಲವೂ ಅವನ ಒಂದು ದಿನದ ಬಾಡಿಗೆ ಹೋಯಿತು. ಯಾರೂ ಅವನನ್ನು ಗದರಿಸಲಿಲ್ಲ, ಹೆದರಿಸಲಿಲ್ಲ. ನಡುವೆ ಅವನ ಸೋದರಮಾವನಿಗೆ ಒಂದು ಫೋನು ಬಂತು ಅಷ್ಟೇ. ಹೊಡೆದವರ ಕಡೆಯ ಪರಿಚಯಸ್ಥರು. "ಅವ್ರಿಗೂ ಹೆಂಡ್ತಿ ಮಕ್ಕಳಿದಾರೆ, ನೀನೂ ದಿನಾ ಅದೇ ಸ್ಟ್ಯಾಂಡಲ್ಲಿ ಆಟೋ ಓಡಿಸ್ಬೇಕಲ್ವಾ" ಅಂದರಂತೆ. ಮೂರನೇ ಸಲ ಹೋದವನು ಒಂದು ಕಾಗದಕ್ಕೆ ಸಹಿ ಹಾಕಿ ಬಂದ. ತಿಂಗಳ ಮೇಲೆ ಹಿಂಬರಹ ಬಂತು. ಅರ್ಜಿದಾರರು ಮುಂದಿನ ಕ್ರಮ ಬೇಡವೆಂದು ಹೇಳಿಕೆ ನೀಡಿರುವುದರಿಂದ ಅರ್ಜಿ ವಿಲೇವಾರಿ ಮಾಡಲಾಗಿದೆ ಅಂತ. ನನ್ನ ಹತ್ತಿರ ಅದನ್ನು ತಂದು ತೋರಿಸುವಾಗ ಅವನು ತಲೆ ಎತ್ತಲಿಲ್ಲ. "ಬೇಜಾರು ಮಾಡ್ಕೋಬೇಡಿ ಅಕ್ಕಾ" ಅಂದ. ಅವನು ನನ್ನ ಕ್ಷಮೆ ಕೇಳುವ ಹಾಗೆ ಆಗಿಹೋಯಿತಲ್ಲ ಅಂತ ನನಗೆ ತುಂಬಾ ನೋವಾಯಿತು.

ಇಲಾಖೆಯವರ ಮೇಲಿನ ದೂರನ್ನು ಇಲಾಖೆಯವರೇ ವಿಚಾರಿಸಿದರೆ ಹೀಗೆ ಆಗುತ್ತದೆ ಅಂತ ಸುಪ್ರೀಂ ಕೋರ್ಟಿಗೂ ಗೊತ್ತಿತ್ತು. 2006ರ ಸೆಪ್ಟೆಂಬರ್ 22ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಪ್ರತಿ ರಾಜ್ಯದಲ್ಲೂ, ಪ್ರತಿ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಅಂತ ಹೇಳಿತು. ಜಿಲ್ಲೆಯದ್ದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರು. ಡಿವೈಎಸ್‌ಪಿ ಹಂತದವರೆಗಿನ ಪೊಲೀಸರ ಮೇಲಿನ ದೂರು ಅಲ್ಲಿಗೆ. ಎಸ್‌ಪಿ ಮತ್ತು ಮೇಲಿನವರ ಮೇಲಿನ ದೂರು ರಾಜ್ಯದ ಪ್ರಾಧಿಕಾರಕ್ಕೆ. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪ್ರಾಧಿಕಾರಗಳನ್ನು ಸೇರಿಸಿತು. ಆದರೆ ನಾನು ಹಾಸನದಲ್ಲಿ ಪರಿಚಯದ ಹತ್ತು ಜನರನ್ನು ಕೇಳಿ ನೋಡಿದೆ. ಒಬ್ಬ ವಕೀಲರನ್ನು ಬಿಟ್ಟು ಉಳಿದವರಿಗೆ ಹೆಸರೇ ಗೊತ್ತಿರಲಿಲ್ಲ. ಆಟೋ ಹುಡುಗನ ಅರ್ಜಿ ಬರೆಯುವಾಗ ನನಗೂ ಹೊಳೆಯಲಿಲ್ಲ. ಕೇಸು ದಾಖಲಿಸದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು ಅನ್ನುವುದು, ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕ ಇಲ್ಲದೆ ದೂರು ಕೊಡಬಹುದು, ಆದರೆ ಒಂದು ವರ್ಷದೊಳಗೆ ಕೊಡಬೇಕು ಅನ್ನುವುದು, ಹೆಂಗಸರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿ ಇರುವವರಿಗೆ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ, 15100ಕ್ಕೆ ಫೋನು ಮಾಡಿದರೆ ಸಾಕು ಅನ್ನುವುದು, ಇದೆಲ್ಲ ನಾನು ಆಮೇಲೆ ಕಲಿತಿದ್ದು. ಆ ಹುಡುಗನಿಗೆ ಉಪಯೋಗಕ್ಕೆ ಬರಲಿಲ್ಲ. ಓದುವವರಲ್ಲಿ ಒಬ್ಬರಿಗಾದರೂ ಬರಲಿ ಅಂತ ಬರೆಯುತ್ತಿದ್ದೇನೆ.

ಕ್ಯಾಮೆರಾದ ಮಾತನ್ನೂ ಹೇಳಿಬಿಡುತ್ತೇನೆ. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯ ಬಾಗಿಲು, ಲಾಕಪ್ಪು, ಓಣಿ ಎಲ್ಲ ಕಾಣುವ ಹಾಗೆ ಸಿಸಿಟಿವಿ ಇರಬೇಕು, ಮಾತೂ ದಾಖಲಾಗಬೇಕು, 18 ತಿಂಗಳು ಉಳಿಸಬೇಕು, ಅಷ್ಟು ಆಗದಿದ್ದರೆ ಕನಿಷ್ಠ ಒಂದು ವರ್ಷ ಅಂತ ಹೇಳಿತು. ಅದು ಕೆಡದ ಹಾಗೆ ನೋಡಿಕೊಳ್ಳುವ ಹೊಣೆ ಠಾಣಾಧಿಕಾರಿಯದ್ದೇ. ಆದರೂ 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು ಠಾಣೆಗಳಲ್ಲಿ ಕ್ಯಾಮೆರಾ ಕೆಲಸ ಮಾಡುತ್ತಿಲ್ಲ ಅಂತ ತಾನಾಗಿಯೇ ಪ್ರಕರಣ ತೆಗೆದುಕೊಳ್ಳಬೇಕಾಯಿತು. ಕ್ಯಾಮೆರಾ ಬೇಕು, ಖಂಡಿತ ಬೇಕು. ಆದರೆ ಬರೆಯುವ ಅಭ್ಯಾಸವೇ ಇಲ್ಲದ ಕಡೆ ಕ್ಯಾಮೆರಾವೂ ಕೆಟ್ಟು ಕೂರುತ್ತದೆ ಅಂತ ನನ್ನ ಅನಿಸಿಕೆ. ಎರಡೂ ಮಾಡುವುದು ಒಂದೇ ಕೆಲಸ ಅಲ್ವಾ.

ಕೇಳಿಕೊಳ್ಳುವವರು ನಾವು

ಇಷ್ಟೆಲ್ಲ ಬರೆದು ಪೊಲೀಸರ ಮೇಲೆ ಹಾಕಿ ಕೈ ತೊಳೆದುಕೊಂಡರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಅಜ್ಜನನ್ನು ಪೊಲೀಸರು ತಾವಾಗಿ ಹುಡುಕಿಕೊಂಡು ಬರಲಿಲ್ಲ. ನಾವು ಕರೆದೆವು. ಈಗಲೂ ಕರೆಯುತ್ತಿದ್ದೇವೆ. ಬೆಳೆಗಾರರ ಒಂದು ವಾಟ್ಸಾಪ್ ಗ್ರೂಪಿನಲ್ಲಿ ನಾನೂ ಇದ್ದೇನೆ. ಕೊಯ್ಲಿನ ಕಾಲದಲ್ಲಿ ಕಾಫಿ ಕಳುವಾದರೆ, ಪಂಪಿನ ವೈರು ಕತ್ತರಿಸಿದರೆ, ಮೊದಲು ಬರುವ ಮೆಸೇಜೇ "ಅಸ್ಸಾಂ ಕಡೆಯವರನ್ನ ಸ್ಟೇಷನ್ನಿಗೆ ಕೊಡಿ, ಎರಡು ಬಿಟ್ರೆ ಹೇಳ್ತಾರೆ" ಅಂತ. ಕೆಳಗೆ ಸಾಲಾಗಿ ಹೆಬ್ಬೆರಳು. ಹಾಕುವವರೆಲ್ಲ ಒಳ್ಳೆ ಜನ. ಮನೆಗೆ ಹೋದರೆ ಊಟ ಹಾಕದೆ ಕಳಿಸುವುದಿಲ್ಲ. ಲೈನ್ ಮನೆಯವರಿಗೆ ಜ್ವರ ಬಂದರೆ ತಾವೇ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಕನ್ನಡವೂ ಬರದ, ಊರಲ್ಲಿ ಒಬ್ಬರೂ ಪರಿಚಯ ಇಲ್ಲದ ಆ ಹುಡುಗರನ್ನು ಠಾಣೆಗೆ ಕರೆದುಕೊಂಡು ಹೋದರೆ, ಎಲ್ಲಿಟ್ಟಿದ್ದಾರೆ ಅಂತ ಕೇಳಿಕೊಂಡು ಬರಲು ಅಂಗಳದಲ್ಲಿ ಒಬ್ಬ ಹೆಂಡತಿಯೂ ಇರುವುದಿಲ್ಲ. ನಾನು ಒಂದು ಸಲ ಬರೆದೆ, ದೂರು ಕೊಡುವುದಾದರೆ ಬರೆದು ಕೊಡಿ, ಎಫ್‌ಐಆರ್ ಪ್ರತಿ ತಗೊಳ್ಳಿ, ಅದು ಪುಕ್ಕಟೆ ಸಿಗುತ್ತದೆ ಅಂತ. ಯಾರೂ ಉತ್ತರ ಕೊಡಲಿಲ್ಲ. ಮೂಟೆ ಕಳೆದುಕೊಂಡವರ ಸಂಕಟ ನನಗೆ ಗೊತ್ತಿಲ್ಲದ್ದೇನಲ್ಲ. ವರ್ಷದ ದುಡಿಮೆ ಅದು.

ಪೊಲೀಸರ ಕಷ್ಟವೂ ಇದರಲ್ಲಿ ಇದೆ. ಸಾಕ್ಷಿ ಹುಡುಕಿ, ಹಳ್ಳಿ ಹಳ್ಳಿ ತಿರುಗಿ ಕಳ್ಳನನ್ನು ಹಿಡಿಯಲು ಬೇಕಾದ ಜನವಾಗಲಿ ಸಮಯವಾಗಲಿ ಸಣ್ಣ ಠಾಣೆಗಳಲ್ಲಿ ಇರುವುದಿಲ್ಲ. ಇವತ್ತು ಗಣಪತಿ ಬಂದೋಬಸ್ತು, ನಾಳೆ ಹಾಸನಾಂಬೆ, ದತ್ತ ಜಯಂತಿ ಬಂದರೆ ಪೂರ್ತಿ ಪಡೆ ಚಿಕ್ಕಮಗಳೂರಿಗೆ. ಮೇಲಿನಿಂದ ಪತ್ತೆ ಎಷ್ಟಾಯ್ತು ಅನ್ನುವ ಒತ್ತಡ, ಕೆಳಗಿನಿಂದ ನಮ್ಮಂಥವರ ಫೋನು. ಬೇಗ ಮುಗಿಯುವ ದಾರಿ ಅಂದರೆ ಕೈಗೆ ಸಿಕ್ಕವರ ಪಾದ. ಇದನ್ನು ಹೇಳಿ ಹೊಡೆದವರ ತಪ್ಪನ್ನು ನಾನು ಚಿಕ್ಕದು ಮಾಡುತ್ತಿಲ್ಲ. ಲಾಠಿ ಹಿಡಿದ ಕೈ ಅವರದ್ದೇ. ಆದರೆ ನನ್ನ ಅರ್ಜಿಗೆ ಸಮಯ ಹಾಕಿದ ದಫೇದಾರರೂ ಅದೇ ಇಲಾಖೆಯವರು, ಅದೇ ಕೆಲಸದ ಹೊರೆ ಹೊತ್ತವರು. ಬರೆಯುವುದು ತನ್ನನ್ನೂ ಕಾಯುತ್ತದೆ ಅಂತ ಅವರಿಗೆ ಗೊತ್ತಿತ್ತು. ಅದನ್ನು ಅವರಿಗೆ ಯಾರು ಕಲಿಸಿದರೋ, ಕೇಳಬೇಕಿತ್ತು.

ಚೆಕ್‌ರೋಲ್

ಹೋದ ಭಾನುವಾರ ಊರಿಗೆ ಹೋಗಿದ್ದೆ. ಅಪ್ಪನಿಗೆ ಈಗ ಎಪ್ಪತ್ತೆಂಟು. ಜಗಲಿಯ ಮೇಲೆ ಕೂತಿದ್ದರು. ಅಜ್ಜನ ವಿಷಯ ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಅವರ ಮುಂದೆ ಎತ್ತಿರಲಿಲ್ಲ. ಅವತ್ತು ಎತ್ತಿದೆ. ಅಪ್ಪ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ನಾನು ಹೊಡೀರಿ ಅಂದಿರ್ಲಿಲ್ಲ" ಅಂದರು. "ಹೊಡೀಬೇಡಿ ಅಂತಾನೂ ಅಂದಿರ್ಲಿಲ್ಲ ಅಲ್ವಾ ಅಪ್ಪ" ಅಂದೆ. ಅವರು ಎದ್ದು ಮೋಟಾರ್ ಆಫ್ ಮಾಡಲು ಹೋದರು. ಮೋಟಾರ್ ಓಡುತ್ತಿರಲಿಲ್ಲ.

ಆ ಶನಿವಾರದ ತಾರೀಕು ಯಾವುದು ಅಂತ ನನಗೆ ತಿಳಿಯಬೇಕಿತ್ತು. ಅಟ್ಟದ ಮೇಲೆ ಹಳೆಯ ಚೆಕ್‌ರೋಲ್ ಪುಸ್ತಕಗಳನ್ನೆಲ್ಲ ಕಟ್ಟಿಟ್ಟಿದ್ದಾರೆ. ಆಳುಗಳ ಹಾಜರಿ, ಸಂಬಳದ ಲೆಕ್ಕ ಎಲ್ಲ ಅದರಲ್ಲೇ. 1999ರದ್ದು ಸಿಕ್ಕಿತು. ಅಂಚು ಗೆದ್ದಲು ತಿಂದಿದ್ದರೂ ಅಕ್ಷರ ಓದುವ ಹಾಗಿತ್ತು. ಮಾರ್ಚ್ ತಿಂಗಳ ಪುಟದಲ್ಲಿ ಅಜ್ಜನ ಹೆಸರು ಕೆಳಗಿನಿಂದ ಎರಡನೇ ಸಾಲು. 12ರವರೆಗೆ ಪ್ರತಿ ಚೌಕದಲ್ಲೂ "ಹಾ" ಅಂತ ಇದೆ. 13, ಶನಿವಾರ, ಅಂದಿನಿಂದ ಮುಂದಿನ ಶನಿವಾರದವರೆಗೆ ಎಂಟು ಚೌಕದಲ್ಲೂ "ಗೈ". ಗೈರುಹಾಜರು. ಅಪ್ಪನ ಕೈಬರಹ. ಆಮೇಲೆ ಹೆಸರಿನ ಮೇಲೆ ಒಂದು ಗೆರೆ. ಪಕ್ಕದಲ್ಲಿ ಎಂಟು ದಿನದ ಸಂಬಳ ಕಳೆದು ಬಾಕಿ ಕೊಟ್ಟಿದ್ದರ ಲೆಕ್ಕ, ಅದರ ಕೆಳಗೆ ಅಜ್ಜನ ಹೆಬ್ಬೆಟ್ಟು.

ಪುಸ್ತಕವನ್ನು ತಂದು ಅಪ್ಪನ ಮುಂದೆ ಇಟ್ಟೆ. ಕನ್ನಡಕ ಕೇಳಿದರು. ಆ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಚೌಕ ನೋಡಿದರು. ಅಮ್ಮ ಕಾಫಿ ತಂದಿಟ್ಟಿದ್ದು ಆರಿತು. ಕೊನೆಗೆ ಪುಸ್ತಕ ಮುಚ್ಚದೆಯೇ ಹೇಳಿದರು, "ಅವನ ಮಗ ಈಗ ಬಾಳೂರು ಕಡೆ ಇದ್ದಾನಂತೆ. ಯಾರ ತೋಟ ಅಂತ ಕೇಳ್ಬೇಕು."